ಕಾಯ್ಕಿಣಿಗೆ ಎಷ್ಟು ಅಕ್ಷರ?

ನನ್ನ ಊರು ಕಾಯ್ಕಿಣಿ ಎಂದರೆ ಸಾಹಿತ್ಯದ ಗೆಳೆಯರು ತಕ್ಷಣ ಗೌರೀಶರನ್ನೋ ಜಯಂತರನ್ನೋ ನೆನೆಯುತ್ತಾರೆ. “ಓ, ಅವರ ಕಡೆಯವರಾ?” ಎಂದು ಕೇಳುತ್ತಾರೆ. ಅಲ್ಲ. ಅವರು ಗೋಕರ್ಣದವರು, ಊರು ಅವರ ಹೆಸರಿನಲ್ಲಿದೆ. ನಮ್ಮ ಮನೆಯವರ ಹೆಸರಿನಲ್ಲಿ ಊರಿಲ್ಲ, ನಾವು ಊರಿನಲ್ಲಿದ್ದೇವೆ. ಭಟ್ಕಳ ತಾಲ್ಲೂಕು, ಮುರ್ಡೇಶ್ವರದ ಪಕ್ಕ. ರಾತ್ರಿ ಗಾಳಿ ಈ ಕಡೆಗೆ ಬೀಸಿದರೆ ಕೊಂಕಣ ರೈಲಿನ ಸದ್ದು ನಮ್ಮ ಅಂಗಳದವರೆಗೂ ಬರುತ್ತದೆ.

ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕಂಪ್ಯೂಟರಿಗೆ ಕನ್ನಡ ಪದಗಳನ್ನು ಒಡೆಯಲು, ಜೋಡಿಸಲು, ಹುಡುಕಲು ಕಲಿಸುವುದು ನನ್ನ ವಿಷಯ. ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಮುಟ್ಟಿದಾಗಲೆಲ್ಲ ನಾನು ಮೊದಲು ಮಾಡುವ ಕೆಲಸ ಒಂದೇ. ‘ಕಾಯ್ಕಿಣಿ’ ಎಂದು ಬರೆದು, ಇದರ ಉದ್ದ ಎಷ್ಟು ಎಂದು ಕೇಳುವುದು. ಹಳೆಯ ಪೈಥಾನ್ 2 ಹೇಳಿದ್ದು 24. ಪೈಥಾನ್ 3 ಹೇಳಿದ್ದು 8. ಜಾವಾಸ್ಕ್ರಿಪ್ಟ್ ಕೂಡ 8. ಗೋ ಎಂಬ ಭಾಷೆ ಮತ್ತೆ 24. ಆಪಲ್‌ನವರ ಸ್ವಿಫ್ಟ್ 4 ಎಂದಿತು. ಊರಿಗೆ ಬಂದಾಗ ಇದನ್ನೇ ದೊಡ್ಡಪ್ಪನ ಹತ್ತಿರ ಕೇಳಿದೆ. ಅವರು ಕನ್ನಡ ಶಾಲೆಯ ಮಾಸ್ತರಾಗಿದ್ದವರು, ಈಗ ವಯಸ್ಸು 78. ತಲೆ ಎತ್ತದೆ ಹೇಳಿದರು, “ಮೂರು ಅಕ್ಷರ, ನಾಲ್ಕು ಮಾತ್ರೆ. ನಾಲ್ಕನೇ ಈಯತ್ತೆಯಲ್ಲೇ ಕಲಿಸಿದ್ದೆನಲ್ಲ ತಂಗಿ, ಮರೆತೆಯಾ?”

ಇವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬೊಬ್ಬರೂ ಒಂದೊಂದನ್ನು ಎಣಿಸಿದ್ದಾರೆ, ಅಷ್ಟೇ. 24 ಎಂದರೆ ಆ ಪದ ಕಂಪ್ಯೂಟರಿನಲ್ಲಿ ಹಿಡಿಯುವ ಬೈಟುಗಳು. 8 ಎಂದರೆ ಯೂನಿಕೋಡಿನ ಸಂಕೇತಗಳು: ಕ, ದೀರ್ಘದ ಗೆರೆ, ಯ, ಹಲಂತ, ಮತ್ತೆ ಕ, ಗುಡಿಸು, ಣ, ಗುಡಿಸು. 4 ಎಂದರೆ ಓದುವವರು ಒಂದು ಘಟಕ ಎಂದು ನೋಡುವುದನ್ನು ಯೂನಿಕೋಡಿನ ಸಾಮಾನ್ಯ ನಿಯಮ ಎಣಿಸುವ ರೀತಿ. ಅದು ‘ಯ್ಕಿ’ ಎಂಬ ಒತ್ತಕ್ಷರವನ್ನು ಎರಡಾಗಿ ಮುರಿಯುತ್ತದೆ. 2023ರ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಮುರಿಯದ ನಿಯಮವೊಂದು ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ದೊಡ್ಡಪ್ಪನ ಮೂರು ಅಕ್ಷರದ ಲೆಕ್ಕ ಬೇಕೆಂದರೆ ನಾವೇ ಬರೆದುಕೊಳ್ಳಬೇಕು.

ಹಾಗೆ ಬರೆದುಕೊಂಡ ಒಂದು ಸಣ್ಣ ಲೈಬ್ರರಿ ನನ್ನ ಪಾಲಿಗೆ ಬಂದಿತ್ತು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ. ಬೇರೆ ಪ್ರೋಗ್ರಾಮುಗಳು ಕರೆದು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು. ನಮ್ಮದಕ್ಕೆ ನಾಲ್ಕು ಕೆಲಸ. ನುಡಿ, ಬರಹಗಳ ಹಳೆಯ ಫೈಲುಗಳನ್ನು ಯೂನಿಕೋಡಿಗೆ ತರುವುದು, ಒಂದೇ ಅಕ್ಷರದ ಬೇರೆ ಬೇರೆ ಬರವಣಿಗೆಯನ್ನು ಒಂದು ಮಾಡುವುದು, ಪದವನ್ನು ಅಕ್ಷರಗಳಾಗಿ ಬಿಡಿಸುವುದು, ಪದಪಟ್ಟಿಯನ್ನು ಅನುಕ್ರಮದಲ್ಲಿ ಇಡುವುದು. ನನಗಿಂತ ಮೊದಲು ಅಲ್ಲಿದ್ದ ಹಿರಿಯರೊಬ್ಬರು ಇದನ್ನು ಪೈಥಾನ್ 2ರಲ್ಲಿ ಬರೆದಿಟ್ಟು ಹೊರಟುಹೋಗಿದ್ದರು. 2020ರ ಜನವರಿ 1ಕ್ಕೆ ಪೈಥಾನ್ 2ರ ಪೋಷಣೆಯೇ ನಿಂತಿತು. ನಾನು ಅಲ್ಲಿ ಇಲ್ಲಿ ಹೊಲಿದು ಅದನ್ನು ಪೈಥಾನ್ 3ಕ್ಕೆ ತಂದೆ. ಓಡುತ್ತಿತ್ತು. ಯಾಕೆ ಓಡುತ್ತಿದೆ ಎಂದು ಕೇಳುವ ಗೋಜಿಗೆ ಹೋಗಲಿಲ್ಲ.

ಈ ಕೆಲಸದ ಹಿಂದೆ ನನಗೊಂದು ಸ್ವಂತ ಹಂಗೂ ಇತ್ತು. ದೊಡ್ಡಪ್ಪ ಮಾಸ್ತರಿಕೆಯ ಉದ್ದಕ್ಕೂ ಪದಗಳನ್ನು ಕೂಡಿಹಾಕಿದವರು. ಗದ್ದೆಯ ಪದ, ಅಡುಗೆಯ ಪದ, ಮನೆ ಕಟ್ಟುವವರ ಪದ, ಮೀನು ಮತ್ತು ಬಲೆಯ ಪದ. ಉತ್ತರಪತ್ರಿಕೆಯ ಖಾಲಿ ಹಾಳೆ ಕತ್ತರಿಸಿ ಮಾಡಿದ ಚೀಟಿಗಳಲ್ಲಿ, ಕೆಂಪು ಶಾಯಿಯಲ್ಲಿ. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಡಿಟಿಪಿ ಅಂಗಡಿಗೆ ಕೊಟ್ಟು ಅದನ್ನೆಲ್ಲ ಟೈಪು ಮಾಡಿಸಿದರು. ಅಂಗಡಿಯವರು ಎರಡು ಸಿಡಿ ಕೊಟ್ಟರು. ಚೀಟಿಗಳು ಒಂದು ಮಳೆಗಾಲದಲ್ಲಿ ಒರಲೆಗೆ ಹೋದವು. “ಸಿಡಿಯಲ್ಲಿ ಇದೆಯಲ್ಲ” ಎಂದು ದೊಡ್ಡಪ್ಪ ಸಮಾಧಾನ ಮಾಡಿಕೊಂಡರು.

ಪಿಎಚ್.ಡಿ.ಗೆ ಸೇರಿದ ಮೊದಲ ವರ್ಷ ನಾನು ಆ ಸಿಡಿಗಳನ್ನು ತೆಗೆದುಕೊಂಡು ಹೋಗಿ, ಎಲ್ಲವನ್ನೂ ಯೂನಿಕೋಡಿಗೆ ತಂದು ಪುಸ್ತಕದ ಹಾಗೆ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಒಂದು ಸಿಡಿ ಚೆನ್ನಾಗಿತ್ತು. ಇನ್ನೊಂದಕ್ಕೆ ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದು, ಕಷ್ಟಪಟ್ಟು ಒಂದೇ ಒಂದು ಸಲ ತೆರೆಯಿತು. ಅದರಲ್ಲಿದ್ದದ್ದು ಮೀನು–ಬಲೆಯ ಪದಗಳು. ಅವಸರದಲ್ಲಿ ನೇರವಾಗಿ ಲೈಬ್ರರಿಗೆ ಕೊಟ್ಟು ಓಡಿಸಿದೆ. ತನಗೆ ಗೊತ್ತಿಲ್ಲದ ಸಂಕೇತ ಬಂದಲ್ಲೆಲ್ಲ ಪ್ರೋಗ್ರಾಮು ನಿಂತು ದೂರುತ್ತಿತ್ತು. ಪೈಥಾನಿನಲ್ಲಿ ಇದಕ್ಕೊಂದು ಸುಲಭದ ದಾರಿಯಿದೆ. ‘ಇಗ್ನೋರ್’ ಎಂದು ಒಂದು ಪದ ಸೇರಿಸಿದರೆ ಗೊತ್ತಿಲ್ಲದ್ದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಸೇರಿಸಿದೆ. ಕಡೆಯವರೆಗೆ ಓಡಿತು. ಖುಷಿಯಾಯಿತು. ಮೂಲ ಫೈಲನ್ನು ಬೇರೆ ಕಡೆ ಉಳಿಸಿಕೊಳ್ಳಬೇಕು ಎಂದು ಹೊಳೆಯುವ ಹೊತ್ತಿಗೆ ಸಿಡಿ ಮತ್ತೆ ತೆರೆಯಲಿಲ್ಲ.

ಆ ಪಟ್ಟಿಯಲ್ಲಿ ಅಲ್ಲಲ್ಲಿ ಒತ್ತುಗಳು ಬಿದ್ದುಹೋಗಿದ್ದವು, ಅಕ್ಷರಗಳು ಬಿದ್ದುಹೋಗಿದ್ದವು. ಎರಡು ವರ್ಷ ಅದು ನನ್ನ ಕಣ್ಣಿಗೇ ಬೀಳಲಿಲ್ಲ. ಕಂಡ ಮೇಲೆ ದೊಡ್ಡಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ಅವರು ಪ್ರತಿ ಸಲ ಫೋನಿನಲ್ಲಿ “ಪದದ ಕೆಲಸ ಎಲ್ಲಿಗೆ ಬಂತು?” ಎಂದು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ಅದು ಕೇಳುವುದಕ್ಕಿಂತ ಹೆಚ್ಚು ಚುಚ್ಚಿತು.

ನುಡಿ, ಬರಹಗಳ ಫೈಲುಗಳೇಕೆ ಹೀಗೆ ಎಂದು ಕೇಳಬಹುದು. ಬರಹ 1998ರಲ್ಲಿ ಬಂತು, ಶೇಷಾದ್ರಿವಾಸು ಅವರಿಂದ. ನುಡಿ ಕನ್ನಡ ಗಣಕ ಪರಿಷತ್ತಿನದು. ಅದರ ಕೀಲಿಮಣೆ ಕೆ.ಪಿ. ರಾವ್ ಅವರು ಧ್ವನಿಯ ಆಧಾರದ ಮೇಲೆ ರೂಪಿಸಿದ ವಿನ್ಯಾಸ. ಅಂದಿನ ಸಾಮಾನ್ಯ ಕಂಪ್ಯೂಟರುಗಳಿಗೆ ನಮ್ಮ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದರು. ತೆರೆಯ ಮೇಲೆ ‘ಕ’ ಕಂಡರೂ ನುಡಿಯ ಫೈಲಿನ ಒಳಗೆ ಇರುವುದು ಇಂಗ್ಲಿಷಿನ ದೊಡ್ಡಕ್ಷರ ‘ಪಿ’ ಮತ್ತು ತಲೆಯ ಮೇಲೆ ಓರೆಗೆರೆ ಇರುವ ‘ಎ’. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಆ ಕಾಲದಲ್ಲಿ ಕನ್ನಡ ಮುದ್ರಣ ನಡೆದದ್ದೇ ಇದರಿಂದ. ಇಂದು ಕುಳಿತು ಹಳಿಯುವುದು ಸುಲಭ. ಆದರೆ ಬರೆದದ್ದು ಒಂದು ಫಾಂಟಿಗೆ ಅಂಟಿಕೊಂಡಿತು.

ಅರ್ಕಾವೊತ್ತನ್ನೇ ನೋಡಿ. ‘ಕರ್ನಾಟಕ’ ಎಂದು ಬರೆಯುವಾಗ ಕೈ ಮೊದಲು ‘ನಾ’ ಬರೆದು ಆಮೇಲೆ ಅರ್ಕಾವೊತ್ತು ಹಾಕುತ್ತದೆ. ನುಡಿಯ ಫೈಲಿನಲ್ಲೂ ಅದೇ ಕ್ರಮ. ಬಾಯಿ ಮಾತ್ರ ‘ರ್’ ಅನ್ನು ಮೊದಲು ಹೇಳುತ್ತದೆ. ಯೂನಿಕೋಡು ಬಾಯಿಯ ಕ್ರಮ ಹಿಡಿದಿದೆ. ಒಂದರಿಂದ ಇನ್ನೊಂದಕ್ಕೆ ತರುವಾಗ ಅರ್ಕಾವೊತ್ತನ್ನು ಎತ್ತಿ ಹಿಂದಿನ ಇಡೀ ಅಕ್ಷರವನ್ನು ದಾಟಿಸಿ ಇಡಬೇಕು. ಇಡೀ ಅಕ್ಷರ ಎಂದರೆ ಎಲ್ಲಿಂದ ಎಲ್ಲಿಗೆ ಎನ್ನುವುದು ಗೊತ್ತಿರಬೇಕು. ಮತ್ತೆ ಅದೇ ಪ್ರಶ್ನೆ, ಎಷ್ಟು ಅಕ್ಷರ.

ಬದಲಾವಣೆ ಶುರುವಾದದ್ದು ಇಬ್ಬರಿಂದ. ದೊಡ್ಡಪ್ಪನ ಮೊಮ್ಮಗ, ಅಂದರೆ ನನ್ನ ಅಕ್ಕನ ಮಗ, ಪಿಯುಸಿ ಓದುತ್ತಿದ್ದ. ಅವನ ಹತ್ತಿರ ಲ್ಯಾಪ್‌ಟಾಪಿಲ್ಲ, ಫೋನಿದೆ. “ಚಿಕ್ಕಿ, ಅಜ್ಜನ ಪದಗಳನ್ನು ಫೋನಿನಲ್ಲಿ ಹುಡುಕುವ ಹಾಗೆ ಮಾಡ್ತೇನೆ, ನಿನ್ನ ಕೋಡು ಕೊಡು” ಎಂದ. ಕೊಟ್ಟೆ. ಅವನು ಅದನ್ನು ನೋಡಿಕೊಂಡು ಜಾವಾಸ್ಕ್ರಿಪ್ಟಿನಲ್ಲಿ ಬರೆದ. ಒಂದು ಪದವೂ ಸಿಗಲಿಲ್ಲ. ‘ಪದದೊಳಗೆ ಬರಬಹುದಾದ ಅಕ್ಷರ’ ಎನ್ನಲು ಎರಡೂ ಭಾಷೆಗಳಲ್ಲಿ ಒಂದೇ ಚಿಹ್ನೆಯಿದೆ. ಜಾವಾಸ್ಕ್ರಿಪ್ಟಿಗೆ ಆ ಚಿಹ್ನೆಯೆಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ. ಕನ್ನಡ ಅಲ್ಲಿ ಅಕ್ಷರವೇ ಅಲ್ಲ. ಪೈಥಾನಿಗೆ ‘ಕ’ ಅಕ್ಷರ ಹೌದು, ಆದರೆ ಅದಕ್ಕೆ ಹಚ್ಚಿದ ಗುಡಿಸು, ಕೊಂಬು ಅಕ್ಷರವಲ್ಲ. ನಮ್ಮ ಹಿರಿಯರು ಅದನ್ನು ಸರಿಪಡಿಸಲು ಎಲ್ಲೋ ಮೂಲೆಯಲ್ಲಿ ಒಂದು ಸಾಲು ಸೇರಿಸಿದ್ದರು, ಯಾಕೆಂದು ಬರೆದಿರಲಿಲ್ಲ. ಹುಡುಗ ಆ ಸಾಲು ಬೇಡವೆಂದು ಬಿಟ್ಟಿದ್ದ.

ಇನ್ನೊಬ್ಬಳು ಬೆಂಗಳೂರಿನ ಗೆಳತಿ. ಅವಳಿಗೆ ಗೋ ಭಾಷೆಯಲ್ಲಿ ಬೇಕಿತ್ತು. ಬರೆದುಕೊಂಡಳು. ವಾರದ ನಂತರ ಫೋನು: “ನಿನ್ನ ಕನ್ನಡಕ್ಕೆ ದೆವ್ವ ಹಿಡಿದಿದೆ. ಒಂದೇ ಫೈಲು, ಒಮ್ಮೆ ಸರಿ ಬರ್ತದೆ, ಒಮ್ಮೆ ತಪ್ಪು.” ಎರಡು ದಿನ ಇಬ್ಬರೂ ಕೂತೆವು. ನಮ್ಮ ಲೈಬ್ರರಿಯ ಹೊಟ್ಟೆಯಲ್ಲಿ ಒಂದು ಕೋಷ್ಟಕವಿತ್ತು: ಈ ಚೂರು ಕಂಡರೆ ಈ ಅಕ್ಷರ ಇಡು ಎಂದು. ಮೂರು ಚೂರು ಸೇರಿದ ಅಕ್ಷರವನ್ನು ಮೊದಲು ಹುಡುಕಬೇಕು, ಒಂಟಿ ಚೂರನ್ನು ಕೊನೆಗೆ. ಇಲ್ಲದಿದ್ದರೆ ದೊಡ್ಡದರ ಕಾಲು ಸಣ್ಣದಕ್ಕೆ ಹೋಗುತ್ತದೆ. ಹಿರಿಯರು ಕೋಷ್ಟಕವನ್ನು ಅದೇ ಕ್ರಮದಲ್ಲಿ ಬರೆದಿದ್ದರು. ಪೈಥಾನ್ 3.7ರಿಂದ ಈಚೆಗೆ ಕೋಷ್ಟಕ ಬರೆದ ಕ್ರಮದಲ್ಲೇ ಇರುತ್ತದೆ ಎಂಬ ಭರವಸೆಯಿದೆ. ಗೋ ಭಾಷೆಯಲ್ಲಿ ಅಂಥ ಭರವಸೆಯಿಲ್ಲ. ಯಾರೂ ಕ್ರಮವನ್ನು ನಂಬಿಕೊಳ್ಳಬಾರದೆಂದು ಅದು ಬೇಕೆಂತಲೇ ಪ್ರತಿ ಸಲ ಕಲೆಸುತ್ತದೆ. ‘ಉದ್ದವಾದದ್ದು ಮೊದಲು’ ಎಂಬ ನಿಯಮ ನಮ್ಮ ಲೈಬ್ರರಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಪೈಥಾನಿನ ಒಂದು ಅಭ್ಯಾಸದ ಒಳಗೆ ಅದು ಅಡಗಿ ಕೂತಿತ್ತು.

ಇದು ನಮ್ಮೊಬ್ಬರ ಕಥೆಯಲ್ಲ. ಇಂಗ್ಲಿಷ್ ಪದಗಳ ಬಾಲ ಕತ್ತರಿಸಿ ಮೂಲಕ್ಕೆ ತರುವ ಒಂದು ವಿಧಾನವನ್ನು ಮಾರ್ಟಿನ್ ಪೋರ್ಟರ್ 1980ರಲ್ಲಿ ಪ್ರಕಟಿಸಿದರು. ಹುಡುಕುವ ತಂತ್ರಾಂಶಗಳಲ್ಲಿ ಅದು ಎಲ್ಲ ಕಡೆ ಹರಡಿತು. ಪೋರ್ಟರ್ ಮೊದಲು ಬರೆದದ್ದು ಬಿಸಿಪಿಎಲ್ ಎಂಬ, ಈಗ ಯಾರೂ ಮುಟ್ಟದ ಭಾಷೆಯಲ್ಲಿ. ಲೇಖನ ಓದಿ ಒಬ್ಬೊಬ್ಬರು ತಮ್ಮ ತಮ್ಮ ಭಾಷೆಯಲ್ಲಿ ಬರೆದುಕೊಂಡರು, ಬಹಳ ಕಡೆ ಸಣ್ಣ ಸಣ್ಣ ತಪ್ಪು ಸೇರಿತು. ಸುಮಾರು ಎರಡು ದಶಕದ ನಂತರ ಪೋರ್ಟರ್ ತಾವೇ ಕೂತು, ಇಂಥ ನಿಯಮಗಳನ್ನು ಬರೆಯಲೆಂದೇ ಸ್ನೋಬಾಲ್ ಎಂಬ ಪುಟ್ಟ ಭಾಷೆ ಮಾಡಿದರು. ನಿಯಮ ಅದರಲ್ಲಿ ಒಮ್ಮೆ ಬರೆದರೆ ಸಾಕು, ಸಿ, ಜಾವಾ, ಪೈಥಾನ್ ಇತ್ಯಾದಿಗಳ ಕೋಡು ಅದರಿಂದಲೇ ಹುಟ್ಟುತ್ತದೆ. ಇದನ್ನು ಓದಿದ ರಾತ್ರಿ ನನಗೆ ಸ್ವಲ್ಪ ಧೈರ್ಯ ಬಂತು. ಸ್ನೋಬಾಲಿನಂಥ ಹೊಸ ಭಾಷೆ ಕಟ್ಟುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಆದರೆ ನಿಯಮವನ್ನು ಕೋಡಿನಿಂದ ಹೊರಗೆ ತೆಗೆಯಬಹುದಿತ್ತು.

ಮಾರ್ಗದರ್ಶಕರಿಗೆ ಹೇಳಿದಾಗ ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, “ಇದರಲ್ಲಿ ಹೊಸದೇನಿದೆ? ಮೊದಲು ಬರುತ್ತಿದ್ದ ಉತ್ತರವೇ ಈಗಲೂ ಬರುತ್ತದಲ್ಲ?” ಅವರ ಪ್ರಶ್ನೆ ಸರಿ. ರಿಫ್ಯಾಕ್ಟರಿಂಗ್ ಎಂದರೆ ಅದೇ. ಹೊರಗಿನ ನಡವಳಿಕೆ ಬದಲಾಗದಂತೆ ಒಳಗಿನ ಕಟ್ಟಡ ಬದಲಿಸುವುದು. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಮನೆಯವರು ಒಳಗೆ ಇರುವಾಗಲೇ ಹಂಚು ಇಳಿಸಿ, ಲಡ್ಡಾದ ರೀಪು, ಪಕ್ಕಾಸು ಬದಲಿಸಿ, ಮತ್ತೆ ಹಂಚು ಹೊದಿಸುತ್ತಾರೆ. ಕೆಲಸ ಚೆನ್ನಾಗಿ ಆಗಿದ್ದರೆ ನೆಂಟರಿಗೆ ಏನೂ ಕಾಣುವುದಿಲ್ಲ. ಸೋರುವುದಿಲ್ಲ, ಅಷ್ಟೇ. ಸಂಶೋಧನಾ ಪ್ರಬಂಧಕ್ಕೆ ಕಾಣುವಂಥದ್ದು ಬೇಕು. ನಾನು ಆ ಎಂಟು ತಿಂಗಳನ್ನು ಹೇಗೆ ಸಮರ್ಥಿಸಲಿ ಎಂದು ತಿಳಿಯದೆ, ಹಗಲು ಅಧ್ಯಾಯ ಬರೆಯುತ್ತಾ ರಾತ್ರಿ ಹಂಚು ಇಳಿಸುತ್ತಾ ಕಳೆದೆ.

ಮೊದಲು ಮಾಡಿದ್ದು ಪರೀಕ್ಷೆಯ ಪಟ್ಟಿ. ಕೋಡಿನಲ್ಲಲ್ಲ, ಸಾದಾ ಪಠ್ಯದ ಫೈಲಿನಲ್ಲಿ. ಒಂದು ಸಾಲಿಗೆ ಎರಡು ಕಂಬ: ಕೊಟ್ಟದ್ದು, ಬರಬೇಕಾದದ್ದು. ಹಳೆಯ ಲೈಬ್ರರಿಯನ್ನು ಓಡಿಸಿ, ಅದು ಕೊಟ್ಟ ಉತ್ತರಗಳನ್ನೇ ಎರಡನೇ ಕಂಬದಲ್ಲಿ ತುಂಬಿದೆ. ಒಟ್ಟು 900 ಸಾಲು. ಆಮೇಲೆ ಚೂರು–ಅಕ್ಷರದ ಕೋಷ್ಟಕವನ್ನು ಪೈಥಾನಿನಿಂದ ಹೊರಗೆ ತಂದು ಇನ್ನೊಂದು ಸಾದಾ ಫೈಲಾಗಿ ಇಟ್ಟೆ. ಇಷ್ಟು ಸಲೀಸಾಯಿತು. ಉಳಿದದ್ದು ಕಷ್ಟದ ಭಾಗ. ಪ್ರತಿ ಸಾಲು ಕೋಡಿನ ಮುಂದೆ ಕೂತು, ಇದು ಕನ್ನಡದ ನಿಯಮವೋ ಪೈಥಾನಿನ ಅಭ್ಯಾಸವೋ ಎಂದು ಕೇಳಿಕೊಳ್ಳಬೇಕಿತ್ತು. ‘ಕೋಳಿ’ಯ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಚೂರಾಗಿಯೂ ಬರೆಯಬಹುದು, ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಕೋಳಿ. ‘ರ‍್ಯಾಂಕ್’ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಕೂತಿರುತ್ತದೆ. ಅದನ್ನು ಕಸವೆಂದು ಗುಡಿಸಿದರೆ ಅರ್ಕಾವೊತ್ತು ಬಂದು ಕೂರುತ್ತದೆ. ಇಂಥ ಒಂದೊಂದನ್ನೂ ನಿಯಮವಾಗಿ ವಾಕ್ಯದಲ್ಲಿ ಬರೆಯಬೇಕು. ಯಾವ ಭಾಷೆಯಲ್ಲಿ?

ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ, ಅಭ್ಯಾಸಬಲ. ಅರ್ಕಾವೊತ್ತಿಗೆ, ಗುಡಿಸಿಗೆ, ಕೊಂಬಿಗೆ ಇಂಗ್ಲಿಷಿನಲ್ಲಿ ಉದ್ದುದ್ದ ಹೆಸರು ಕಟ್ಟುತ್ತಾ ಮೂರನೇ ಪುಟಕ್ಕೆ ಬಂದಾಗ ಬೇಸರವಾಯಿತು. ಆಗ ನೆನಪಾದದ್ದು ಹಾಡುವಳ್ಳಿ. ನಮ್ಮದೇ ಭಟ್ಕಳ ತಾಲ್ಲೂಕಿನ ಹಳ್ಳಿ, ಹಿಂದೆ ಸಂಗೀತಪುರ ಎಂಬ ಹೆಸರಿನ ಜೈನ ಕೇಂದ್ರ. ಅಲ್ಲಿನ ಮಠದ ಪರಂಪರೆಯ ಭಟ್ಟಾಕಳಂಕದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದ. 592 ಸೂತ್ರಗಳಲ್ಲಿ ಕನ್ನಡದ ವ್ಯಾಕರಣ, ಆದರೆ ಬರೆದದ್ದು ಸಂಸ್ಕೃತದಲ್ಲಿ. ಅವನಿಗೂ ಸುಮಾರು ಮೂರೂವರೆ ಶತಮಾನ ಮೊದಲು ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಕನ್ನಡದಲ್ಲೇ ಬರೆದಿದ್ದ. ನಿಯಮ ಕಂದಪದ್ಯದಲ್ಲಿ, ವಿವರಣೆ ವೃತ್ತಿಯಲ್ಲಿ, ಆಮೇಲೆ ಪ್ರಯೋಗಗಳು, ಅಂದರೆ ಕವಿಗಳ ಬರವಣಿಗೆಯಿಂದ ತೆಗೆದ ಉದಾಹರಣೆಗಳು. ನನ್ನ ಫೋಲ್ಡರು ನೋಡಿದೆ. ನಿಯಮ, ವಿವರಣೆ, ಪರೀಕ್ಷೆಯ ಸಾಲುಗಳು. ಕೇಶಿರಾಜನ ಮುಂದೆ ನಿಲ್ಲುವ ಅಹಂಕಾರ ನನಗಿಲ್ಲ. ಆದರೆ ಕನ್ನಡದ ನಿಯಮವನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯೇನು ಎಂದು ಅನಿಸಿತು. ಇಂಗ್ಲಿಷಿನ ಮೂರು ಪುಟ ಅಳಿಸಿ ಕನ್ನಡದಲ್ಲಿ ಬರೆದೆ. 31 ನಿಯಮ, ಹತ್ತು ಪುಟ.

ಜೂನಿನಲ್ಲಿ ಊರಿಗೆ ಹೋದೆ. ಮೈಸೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಮರುದಿನ ಮುರ್ಡೇಶ್ವರ. ಹೋದ ಸಂಜೆಯೇ ಗಾಳಿ ಮಳೆಗೆ ಎಲ್ಲೋ ತೆಂಗಿನಮರ ಲೈನಿನ ಮೇಲೆ ಬಿತ್ತು. ಮೂರು ದಿನ ಕರೆಂಟಿಲ್ಲ. ಲ್ಯಾಪ್‌ಟಾಪು ಮೊದಲ ದಿನವೇ ಸತ್ತಿತು. ಓದಿ ತಿದ್ದೋಣವೆಂದು ನಿಯಮದ ಹತ್ತು ಪುಟವನ್ನೂ ಪರೀಕ್ಷೆಯ ಸಾಲುಗಳನ್ನೂ ಮುದ್ರಿಸಿ ತಂದಿದ್ದೆ. ಜಗಲಿಯ ಮೇಲೆ ಬಿಟ್ಟುಹೋಗಿದ್ದ ಆ ಕಾಗದಗಳನ್ನು ದೊಡ್ಡಪ್ಪ ಓದುತ್ತಾ ಕೂತಿದ್ದು ಕಂಡಿತು. ಪೊರೆ ತೆಗೆಸಿದ ಮೇಲೆ ಅವರಿಗೆ ಹಗಲು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೈಯಲ್ಲಿ ಕೆಂಪು ಪೆನ್ನು ಇತ್ತು.

“ಇದು ಎಂತದು ತಂಗಿ?”

“ಲೈಬ್ರರಿ, ದೊಡ್ಡಪ್ಪ. ಕಂಪ್ಯೂಟರು ಮಾಡಬೇಕಾದ ಕೆಲಸ ಬರೆದದ್ದು.”

“ಕಂಪ್ಯೂಟರು ಕನ್ನಡ ಓದ್ತದಾ?”

“ಇದನ್ನು ಓದಿ ಯಾವ ಭಾಷೆಯವರು ಬೇಕಾದರೂ ತಮ್ಮ ಭಾಷೆಯಲ್ಲಿ ಮಾಡಿಕೊಳ್ಳಬಹುದು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನೂ ಮಾಡಬಹುದು” ಎಂದರು.

ಮಾಡಿದರು. ಎರಡನೇ ಕಂಬವನ್ನು ಕ್ಯಾಲೆಂಡರಿನ ಹಾಳೆಯಿಂದ ಮುಚ್ಚಿಕೊಂಡು, ಮೊದಲ ಕಂಬದ ಪದವನ್ನು ನಿಯಮದ ಪ್ರಕಾರ ಬಿಡಿಸಿ, ಆಮೇಲೆ ಹಾಳೆ ಸರಿಸಿ ಹೋಲಿಸುವುದು. ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ. ಮೊಮ್ಮಗ ಪಕ್ಕದಲ್ಲಿ ಕೂತು ಲೆಕ್ಕ ಇಟ್ಟ. ನಾನು ಒಳಗೆ ಹೋಗಿ ಚಾ ಮಾಡಿಕೊಂಡು ಬರುವಷ್ಟರಲ್ಲಿ ಕೆಂಪು ಗುರುತು ಬಿದ್ದಿತ್ತು. ಅನುಕ್ರಮದ ಭಾಗದಲ್ಲಿ. ಸಾಲಿನಲ್ಲಿ ಇದ್ದದ್ದು: ಬಲೆ, ಬಳಚು, ಬಸಳೆ.

“ಇದು ತಪ್ಪು. ಬಲೆ, ಬಸಳೆ, ಬಳಚು.”

ನಾನು ವಾದಕ್ಕೆ ನಿಂತೆ. ಕಂಪ್ಯೂಟರು ಕೊಟ್ಟ ಉತ್ತರ ಅದು, ಇಷ್ಟು ವರ್ಷದಿಂದ ಹಾಗೇ ಬರುತ್ತಿದೆ ಎಂದೆ. ದೊಡ್ಡಪ್ಪ ಮೊಮ್ಮಗನ ಕಡೆಗೆ ತಿರುಗಿ, “ಹೇಳು ಮಗಾ, ಯ ರ ಲ...” ಎಂದರು. ಅವನು ರಾಗದಲ್ಲಿ ಮುಂದುವರಿಸಿದ: “ವ ಶ ಷ ಸ ಹ ಳ.” ಹಕಾರ ಆದ ಮೇಲೆ ಳಕಾರ. ಒಂದನೇ ಈಯತ್ತೆಯ ಮಕ್ಕಳಿಗೆ ಗೊತ್ತಿರುವುದು. ಯೂನಿಕೋಡಿನ ಪಟ್ಟಿಯಲ್ಲಿ ಮಾತ್ರ ‘ಳ’ ಇರುವುದು ‘ಲ’ದ ಬೆನ್ನಿಗೆ, ‘ವ’ಕ್ಕೆ ಮೊದಲು. ನಮ್ಮ ಲೈಬ್ರರಿ ಅನುಕ್ರಮಕ್ಕೆಂದು ಏನೂ ಮಾಡಿರಲೇ ಇಲ್ಲ. ಪೈಥಾನಿನ ವಿಂಗಡಣೆಯನ್ನು ಕರೆದು ಬಿಟ್ಟಿತ್ತು, ಅದು ಸಂಕೇತದ ಸಂಖ್ಯೆ ನೋಡಿ ಜೋಡಿಸಿತ್ತು. ನಾನು ಆ ತಪ್ಪನ್ನೇ ‘ಬರಬೇಕಾದದ್ದು’ ಎಂಬ ಕಂಬದಲ್ಲಿ ಸ್ವತಃ ಬರೆದು, ಮುಂದೆ ಯಾರೂ ಬದಲಿಸದಂತೆ ಭದ್ರ ಮಾಡಿದ್ದೆ. ನನಗೆ ವರ್ಣಮಾಲೆ ಕಲಿಸಿದವರೇ ಅದನ್ನು ಹಿಡಿದರು. ಕೋಡಿನ ಒಳಗೆ ಇದ್ದಿದ್ದರೆ ಅವರ ಕಣ್ಣಿಗೆ ಅದು ಎಂದೂ ಬೀಳುತ್ತಿರಲಿಲ್ಲ.

ಮೂರು ದಿನದಲ್ಲಿ ಹದಿನಾಲ್ಕು ಕೆಂಪು ಗುರುತು. ಅವುಗಳಲ್ಲಿ ಐದು ದೊಡ್ಡಪ್ಪನದೇ ತಪ್ಪು, ಒಪ್ಪಿಕೊಂಡರು. ಎರಡು ಕಡೆ ನನ್ನ ವಾಕ್ಯ ಎರಡು ಅರ್ಥ ಕೊಡುತ್ತಿತ್ತು. ಉಳಿದ ಏಳು ನಿಜವಾದ ದೋಷ, ಅದರಲ್ಲಿ ನಾಲ್ಕು ಈ ಳಕಾರದ್ದೇ.

ಮೂರನೇ ದಿನ ಸಂಜೆ ನಾನು ಹೇಳಿಬಿಟ್ಟೆ. ಮೀನಿನ ಪಟ್ಟಿ, ಇಗ್ನೋರ್, ತೆರೆಯದೆ ಹೋದ ಸಿಡಿ, ಎಲ್ಲ. ದೊಡ್ಡಪ್ಪ ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು, “ಆ ಪಟ್ಟಿ ಕಾಗದದ ಮೇಲೆ ಇದೆಯಾ?” ಎಂದು ಮಾತ್ರ ಕೇಳಿದರು. ಕರೆಂಟು ಬಂದ ಮೇಲೆ ಮುದ್ರಿಸಿ ಕೊಟ್ಟೆ. ಒಡೆದ ಪದಗಳು 63. ಒಂದು ವಾರ ಅವರು ಅದನ್ನೇ ಹಿಡಿದು ಕೂತರು. ಕೆಲವು ನೋಡಿದ ಕೂಡಲೇ ತುಂಬಿದರು. ಕೆಲವಕ್ಕೆ ಮುರ್ಡೇಶ್ವರದ ಮೀನುಪೇಟೆಗೆ ಮೊಮ್ಮಗನ ಬೈಕಿನಲ್ಲಿ ಹೋಗಿ, ಬುಟ್ಟಿಯ ಮುಂದೆ ಕೂತ ಹೆಂಗಸರ ಹತ್ತಿರ ಕೇಳಿ ಬಂದರು. ಅಲ್ಲಿ ಒಂದೇ ಮೀನಿಗೆ ಕನ್ನಡದಲ್ಲಿ ಬಂಗುಡೆ, ಕೊಂಕಣಿಯಲ್ಲಿ ಬಾಂಗ್ಡೊ. 52 ಪದ ಸರಿಯಾದವು. 11 ಉಳಿದವು. ಅವುಗಳನ್ನು ಬರೆಸಿದವರು ಈಗಿಲ್ಲ, ಬರೆದವರಿಗೆ ನೆನಪಿಲ್ಲ.

“ನನಗೇ ಗೊತ್ತಾಗುವುದಿಲ್ಲ ತಂಗಿ,” ಎಂದು ಅವರು ಒಂದು ಪದದ ಮೇಲೆ ಬೆರಳಿಟ್ಟು ಹೇಳಿದರು. “ನಾನೇ ಬರೆದದ್ದು. ಯಾವುದೋ ಬಲೆಯ ಅಂಚಿನ ಹಗ್ಗಕ್ಕೆ ಹೇಳುವ ಪದ.”

ಈಗ ಲೈಬ್ರರಿ ನಾಲ್ಕು ಭಾಷೆಗಳಲ್ಲಿ ಓಡುತ್ತದೆ. ಪೈಥಾನಿನದು ನಾನು ಹೊಸದಾಗಿ ಬರೆದದ್ದು, ಜಾವಾಸ್ಕ್ರಿಪ್ಟಿನದು ಮೊಮ್ಮಗನದು, ಗೋ ಗೆಳತಿಯದು. ಮೂರೂ ಅದೇ ಪಠ್ಯದ ಫೈಲುಗಳನ್ನು ಓದುತ್ತವೆ, ಅದೇ 900 ಸಾಲಿನ ಪರೀಕ್ಷೆ ಪಾಸಾಗಬೇಕು. ನಾಲ್ಕನೆಯದು ದೊಡ್ಡಪ್ಪ. ಹೊಸ ನಿಯಮ ಸೇರಿಸುವ ಮೊದಲು ಅದನ್ನು ಮುದ್ರಿಸಿ ಅವರಿಗೆ ಕಳಿಸುವುದು ಈಗ ಪದ್ಧತಿಯಾಗಿದೆ. ಗೊತ್ತಿಲ್ಲದ ಸಂಕೇತ ಕಂಡರೆ ಏನು ಮಾಡಬೇಕು ಎನ್ನುವುದು ಮೊದಲನೇ ನಿಯಮ: ಬಿಡಬಾರದು, ಊಹಿಸಬಾರದು, ನಿಂತು ಕೇಳಬೇಕು.

ಯಾವುದಕ್ಕೂ ಅಂಟಿಕೊಳ್ಳದ ಲೈಬ್ರರಿ ಇದಾಯಿತೇ ಎಂದರೆ ಇಲ್ಲ. ಯೂನಿಕೋಡಿಗೆ ಅಂಟಿಕೊಂಡಿದೆ. ಕನ್ನಡ ಲಿಪಿಗೆ ಅಂಟಿಕೊಂಡಿದೆ. ಭಟ್ಕಳದ ನವಾಯತರು ತಮ್ಮ ಮಾತನ್ನು ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುತ್ತಾರೆ. ಆ ಪೇಟೆಯ ಅರ್ಧ ಮಾತು ನಮ್ಮ ಕೋಷ್ಟಕಕ್ಕೆ ಸಿಗುವುದಿಲ್ಲ. ನಿಯಮ ಬರೆದದ್ದು ಕನ್ನಡದಲ್ಲಿ, ಹಾಗಾಗಿ ಕನ್ನಡ ಓದದವರಿಗೆ ಯಾರಾದರೂ ಅನುವಾದಿಸಿ ಕೊಡಬೇಕು. ಒಂದು ಭಾಷೆಯ ಹಂಗು ಬಿಡಿಸಿದಲ್ಲಿ ಇನ್ನೊಂದರ ಹಂಗು ಬಂದು ಕೂತಿದೆ. ಆದರೆ ಈ ಹಂಗು ಗೊತ್ತಿದ್ದು ಒಪ್ಪಿಕೊಂಡದ್ದು.

ಪ್ರಬಂಧದಲ್ಲಿ ಈ ಎಂಟು ತಿಂಗಳಿಗೆ ಸಿಕ್ಕಿದ್ದು ನಾಲ್ಕು ಪುಟದ ಒಂದು ಅನುಬಂಧ. ಮಾರ್ಗದರ್ಶಕರು ಅದನ್ನು ಓದಿ, ಳಕಾರದ ಸಾಲಿನ ಪಕ್ಕ ಒಂದು ಸರಿ ಗುರುತು ಹಾಕಿ ಕೊಟ್ಟರು.

ದೊಡ್ಡಪ್ಪನ ಪದಕೋಶ ದೀಪಾವಳಿಗೆ ಮುದ್ರಣಕ್ಕೆ ಹೋಗುತ್ತದೆ. ಆ 11 ಪದಗಳನ್ನು ತೆಗೆದುಬಿಡಲೇ ಎಂದು ಕೇಳಿದ್ದೆ. “ಯಾಕೆ ತೆಗೀತೆ?” ಎಂದರು. “ಉಳಿದ ಅಕ್ಷರ ಹಾಗೇ ಇರಲಿ, ಬಿದ್ದಲ್ಲಿ ಜಾಗ ಬಿಡು. ಓದುವವರಲ್ಲಿ ಯಾರಿಗಾದರೂ ಗೊತ್ತಿದ್ದರೆ ತುಂಬಿಸ್ತಾರೆ.” ಹಾಗೇ ಬಿಟ್ಟಿದ್ದೇನೆ. ಪ್ರತಿ ಪದದ ನಡುವೆ ಒಂದು ಅಕ್ಷರದಷ್ಟು ಖಾಲಿ ಜಾಗ. ಎಷ್ಟು ಜಾಗ ಬಿಡಬೇಕು ಎಂದು ತಿಳಿಯಲು ಒಂದು ಅಕ್ಷರ ಎಂದರೆ ಎಷ್ಟು ಎಂದು ಮತ್ತೊಮ್ಮೆ ಎಣಿಸಬೇಕಾಯಿತು.